ಅಜ್ಜಿ ಸಾಕಿದ ಮಂಗ

ಕಾಸರಗೋಡಿನವನಾದ ನನಗೆ ಅದು ಮಂಗ. ನಾನೀಗ ಬ್ಯಾಂಕಿನ ಗುಮಾಸ್ತನಾಗಿರುವ ಧರ್ಮಪುರಿಯ ಕನ್ನಡದವರಿಗೆ ಕೋತಿ, ತಮಿಳರಿಗೆ ಕುರಂಗು. ಹೊಗೇನಕಲ್ಲಿನ ಮೀನು ಹುರಿಯುವ ಅಂಗಡಿಗಳ ಸುತ್ತ, ಸೇಲಂನಿಂದ ಏರ್ಕಾಡಿಗೆ ಹತ್ತುವ ಘಾಟಿಯ 20 ತಿರುವುಗಳಲ್ಲಿ ಕಾಣುವುದು ಒಂದೇ ಜಾತಿ. ನೆತ್ತಿಯ ಮೇಲೆ ಕೂದಲಿನ ಟೊಪ್ಪಿ, ಉದ್ದ ಬಾಲ.

ಪೆನ್ನಾಗರಂ ಕಡೆಯ ಗ್ರಾಹಕರೊಬ್ಬರ ಮನೆಯಲ್ಲಿ ಅಂಥದ್ದೊಂದನ್ನು ಸಾಕಿದ್ದರು. ತಾಯಿ ಲಾರಿಗೆ ಸಿಕ್ಕಿ ಸತ್ತಾಗ ಅದರ ಎದೆಗೆ ಅಂಟಿಕೊಂಡಿದ್ದ ಮರಿಯನ್ನು ಮನೆಯ ಅಜ್ಜಿ ಸೆರಗಿನಲ್ಲಿ ಸುತ್ತಿ ತಂದು, ಬತ್ತಿಯಿಂದ ಹಾಲು ಹಿಂಡಿ ಉಳಿಸಿದರಂತೆ. ಸಣ್ಣ ಕೆಲಸವಲ್ಲ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಬೇಕು, ಬೆಚ್ಚಗಿರಬೇಕು, ತಬ್ಬಿಕೊಳ್ಳಲು ಒಂದು ಮೈ ಬೇಕು. ಎರಡು ವರ್ಷ ಅದು ಅಜ್ಜಿಯ ಹೆಗಲಿನಿಂದ ಇಳಿಯಲಿಲ್ಲ.

ಬರಿಯ ಅನ್ನ, ಬಿಸ್ಕತ್ತು ತಿಂದು ಬೆಳೆದರೆ ಮಂಗನ ಎಲುಬು ಬಾಗುತ್ತದೆ. ನಮ್ಮ ಹಾಗೆ ಅದರ ದೇಹವೂ ಸಿ ಜೀವಸತ್ವವನ್ನು ತಯಾರಿಸಲಾರದು. ಕಾಡಿನಲ್ಲಾದರೆ ಹಣ್ಣು, ಚಿಗುರು, ಹುಳು, ಬಿಸಿಲು ಎಲ್ಲವೂ ಉಂಟು. ನಮ್ಮ ಕ್ಷಯ ಅದಕ್ಕೆ ಅಂಟುತ್ತದೆ. ಅದು ಕಚ್ಚಿದರೆ ನಮಗೆ ರೇಬೀಸಿನ ಭಯ. ಇದಕ್ಕೆಲ್ಲ ಏನಾದರೂ ಉಪಾಯ ಮಾಡಬಹುದು. ಮನುಷ್ಯ ತಂದುಕೊಡಲಾರದ್ದು ಹಿಂಡನ್ನು. ಕೂದಲು ಬಿಡಿಸಿ ಹೆಕ್ಕುವವರು, ಗದರುವವರು, ಓರಗೆಯ ಮರಿಗಳು ಯಾವ ಅಂಗಡಿಯಲ್ಲಿ ಸಿಗುತ್ತಾರೆ? ಗಂಡಾದರೆ ನಾಲ್ಕೈದು ವರ್ಷಕ್ಕೆ ಕೋರೆಹಲ್ಲು ಬಲಿಯತೊಡಗುತ್ತದೆ. ಮನೆಯವರನ್ನೇ ಹಿಂಡೆಂದು ಬಗೆದು, ಇಲ್ಲಿ ದೊಡ್ಡವರು ಯಾರೆಂದು ಪರೀಕ್ಷಿಸುತ್ತದೆ. ಪರೀಕ್ಷೆ ಶುರುವಾಗುವುದು ಮಕ್ಕಳಿಂದ.

ಅಲ್ಲಿಯೂ ಹಾಗೇ ಆಯಿತು. ಮೊಮ್ಮಗಳ ಕೈಗೆ ಬಾಯಿ ಹಾಕಿತು. ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸಿದರು. ಮಂಗನ ಸೊಂಟಕ್ಕೆ ಸರಪಳಿ ಬಿತ್ತು. ನಾನು ಕಂಡದ್ದು ಆಮೇಲೆ. ನುಗ್ಗೆಮರದ ಬುಡದಲ್ಲಿ ಅತ್ತಿಂದಿತ್ತ, ಇತ್ತಿಂದತ್ತ, ಒಂದೇ ಸಮನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಸಾಕುವುದೇ ಅಪರಾಧವೆಂದು ಯಜಮಾನರಿಗೆ ಹೇಳುತ್ತಿದ್ದೆ. ಒಳಗಿನಿಂದ ಅಜ್ಜಿ ಕೇಳಿದರು: "ಸಾಯೋದನ್ನ ಬದುಕಿಸಿದ್ದು ತಪ್ಪೇನಪ್ಪಾ?"

ತಪ್ಪಲ್ಲ ಅಜ್ಜಿ, ಆದರೆ ಆಗಲೇ ಅರಣ್ಯ ಇಲಾಖೆಗೆ ಒಪ್ಪಿಸಬೇಕಿತ್ತು ಎಂದೆ. ಆ ಮುಖದೆದುರು ನನ್ನ ಮಾತು ಬಹಳ ತೆಳುವಾಗಿ ಕೇಳಿಸಿತು. ಕೊನೆಗೆ ನಮ್ಮೂರ ಕಡೆಯ ಸಂಗತಿ ಹೇಳಿದೆ. ತೃಕ್ಕರಿಪುರದ ಹತ್ತಿರ ಇಡಯಿಲೆಕ್ಕಾಡಿನ ಕಾವಿನಲ್ಲಿ ಓಣಂ ಸಮಯ ಮಂಗಗಳಿಗೆ ಎಲೆ ಹಾಕಿ ಸದ್ಯ ಬಡಿಸುತ್ತಾರೆ. ಉಂಡವು ತಮ್ಮ ಮರಕ್ಕೆ ಮರಳುತ್ತವೆ. ಅಜ್ಜಿ, "ಯಾರೂ ಹಿಡ್ಕೊಳಲ್ವಾ?" ಎಂದು ಎರಡು ಸಲ ಕೇಳಿದರು.

ಮುಂದಿನ ವಾರ ಇಲಾಖೆಯವರು ಗೂಡು ತಂದರು. ಕೈಯಲ್ಲಿ ಬೆಳೆದದ್ದನ್ನು ನೇರ ಕಾಡಿಗೆ ಬಿಟ್ಟರೆ ಬೇರೆ ಹಿಂಡು ಸೇರಿಸಿಕೊಳ್ಳದು, ಮೊದಲು ತಮ್ಮಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು. ಸರಪಳಿ ಮುಟ್ಟಲು ಅದು ಯಾರನ್ನೂ ಬಿಡಲಿಲ್ಲ. ಅಜ್ಜಿಯೇ ಬಿಚ್ಚಿ, ಗೂಡಿನೊಳಗೆ ಒಂದು ಬಾಳೆಹಣ್ಣು ಇಟ್ಟರು.