ಕೈಕಾಲುಗಳ ಹಿಂದಿನ ಮನುಷ್ಯರು



ರೋಗಿಯೊಬ್ಬನು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವನ್ನು ನಾವು ಸಂತೋಷದ ದಿನವೆಂದು ಎಣಿಸುತ್ತೇವೆ. ಜೀವ ಉಳಿಯಿತು, ಗಾಯ ಮಾಯಿತು, ದೇವರಿಗೆ ಸ್ತೋತ್ರ ಎನ್ನುತ್ತೇವೆ. ಆದರೆ ಕಾಲು ಕಳೆದುಕೊಂಡವನಿಗೆ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನಿಗೆ ನಿಜವಾದ ಕಷ್ಟ ಆರಂಭವಾಗುವುದು ಮನೆಯ ಹೊಸ್ತಿಲಲ್ಲಿ. ಆ ಹೊಸ್ತಿಲನ್ನು ದಾಟಿಸುವುದಕ್ಕಾಗಿಯೇ ವಿದ್ಯಾಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಆಯುಷ್ಯ ಸವೆಸಿದವರಿದ್ದಾರೆ. ಅವರ ವಿಚಾರವನ್ನು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ನಮ್ಮಣ್ಣನಿಂದ. 1998ರಲ್ಲಿ ಲಾರಿ ಅಪಘಾತವೊಂದರಲ್ಲಿ ಅವರ ಬಲಗಾಲು ಮಂಡಿಯ ಮೇಲಿನಿಂದ ಹೋಯಿತು. ಯಾರೋ ಪುಣ್ಯಾತ್ಮರು ಕೃತಕ ಕಾಲು ಕೊಡಿಸಿದರು. ಅದನ್ನು ತೊಟ್ಟು ನಿಲ್ಲಬಹುದಿತ್ತು, ನಿಧಾನವಾಗಿ ನಡೆಯಲೂಬಹುದಿತ್ತು. ಆದರೆ ಬಸ್ಸಿನಲ್ಲಿ ಕುಳಿತರೆ ಕಾಲು ದಾರಿಗೆ ಅಡ್ಡವಾಗಿ ಚಾಚಿಕೊಳ್ಳುತ್ತಿತ್ತು. ಹತ್ತುವವರು ಇಳಿಯುವವರು ಎಡವಿ ಗೊಣಗುತ್ತಿದ್ದರು. ಒಂದು ವರ್ಷದೊಳಗೆ ಆ ಕಾಲು ಅಟ್ಟ ಸೇರಿತು, ಅಣ್ಣ ಊರುಗೋಲು ಹಿಡಿದರು. ಅಷ್ಟು ಖರ್ಚು ಮಾಡಿ ಕೊಡಿಸಿದ್ದನ್ನು ಬಳಸುವುದಿಲ್ಲವಲ್ಲ ಎಂದು ನೆಂಟರು ಆಡಿಕೊಂಡರು. ಅಣ್ಣ ಉತ್ತರ ಕೊಡಲಿಲ್ಲ; ಕ್ರಮೇಣ ಆರಾಧನೆಗೂ ಬರುವುದನ್ನು ಬಿಟ್ಟರು.

ಈ ಬಗೆಯ ಮೌನವನ್ನು ಅರ್ಥಮಾಡಿಕೊಂಡವರು ನಮ್ಮ ನೆರೆಯ ವೆಲ್ಲೂರಿನಲ್ಲಿದ್ದರು. 1914ರಲ್ಲಿ ಕೊಲ್ಲಿ ಬೆಟ್ಟಗಳಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದ ಡಾ. ಪಾಲ್ ಬ್ರಾಂಡ್, 1946ರಲ್ಲಿ ಅಲ್ಲಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗದಿಂದ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಮತ್ತು ಅವರ ಸಹೋದ್ಯೋಗಿಗಳು ಪ್ರತಿಯೊಂದು ಗಾಯಕ್ಕೂ ಕಾರಣವನ್ನು ಹುಡುಕುತ್ತಾ ಹೋದರು. ರೋಗವು ನರಗಳನ್ನು ಕೊಂದು ನೋವಿನ ಅರಿವನ್ನೇ ಕಸಿದುಕೊಳ್ಳುತ್ತದೆ. ಸುಟ್ಟರೂ ಕೊಯ್ದರೂ ತಿಳಿಯದ ಕೈ ದಿನದಿನಕ್ಕೆ ಸವೆಯುತ್ತದೆ ಎಂಬುದು ಸ್ಪಷ್ಟವಾಯಿತು. ಕೆಲವರ ಬೆರಳುಗಳು ರಾತ್ರಿ ಬೆಳಗಾಗುವುದರೊಳಗೆ ಮೊಟಕಾಗುತ್ತಿದ್ದವು. ಕಾದು ನೋಡಿದಾಗ, ನಿದ್ರಿಸುತ್ತಿರುವವರ ಬೆರಳನ್ನು ಇಲಿಗಳು ಕಡಿಯುತ್ತಿರುವುದು ಕಂಡಿತು. ಅಂದಿನಿಂದ ರೋಗಿಗಳಿಗೆ ಔಷಧಿಯ ಜೊತೆಗೆ ಬೆಕ್ಕುಗಳನ್ನೂ ಕೊಡಲಾಯಿತು!

ಮುಷ್ಟಿ ಬಿಗಿದು ಸೆಟೆದ ಕೈಗಳಿಗೆ ಅವರು ಶಸ್ತ್ರಚಿಕಿತ್ಸೆ ಮಾಡಿದರು. ಮುಂಗೈಯಲ್ಲಿ ಇನ್ನೂ ಬಲ ಉಳಿದಿದ್ದ ಸ್ನಾಯುವಿನ ರಜ್ಜುವನ್ನು ಬೆರಳುಗಳಿಗೆ ಜೋಡಿಸಿದಾಗ ಕೈ ಮತ್ತೆ ತೆರೆದುಕೊಂಡಿತು. ಆದರೆ ಅಲ್ಲೊಂದು ವಿಚಿತ್ರ ತೊಡಕು ಎದುರಾಯಿತು. ಕೈ ನೆಟ್ಟಗಾದವನಿಗೆ ಭಿಕ್ಷೆ ಹುಟ್ಟುತ್ತಿರಲಿಲ್ಲ. ರೋಗದ ಗುರುತು ಹೊತ್ತವನಿಗೆ ಕೂಲಿಯೂ ಸಿಗುತ್ತಿರಲಿಲ್ಲ. ಆದ್ದರಿಂದ 1951ರಲ್ಲಿ ಕಾಲೇಜಿನ ಆವರಣದಲ್ಲಿ ಮಣ್ಣಿನ ಗುಡಿಸಲುಗಳನ್ನು ಕಟ್ಟಿ, ನವಜೀವ ನಿಲಯವೆಂದು ಹೆಸರಿಟ್ಟು, ಮರಗೆಲಸ ಮತ್ತು ಆಟಿಕೆಗಳ ತಯಾರಿಕೆಯನ್ನು ಕಲಿಸಿದರು. ಯಾವ ಉಳಿಯ ಹಿಡಿ ಕೈಗೆ ಗಾಯ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು ವೈದ್ಯರು ಕಲಿತದ್ದು ಆ ಕೆಲಸಗಾರರ ಕೈಗಳಿಂದಲೇ.

ಅದೇ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ಯುವ ವೈದ್ಯೆಯಿದ್ದರು. 1954ರ ಜನವರಿ 30ರಂದು ಸಂಗಡಿಗರೊಡನೆ ಪ್ರಯಾಣಿಸುತ್ತಿದ್ದಾಗ ವಾಹನ ಅಪಘಾತಕ್ಕೀಡಾಗಿ ಅವರ ಬೆನ್ನುಹುರಿ ಜಖಂಗೊಂಡಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವೈದ್ಯವೃತ್ತಿ ಮುಗಿಯಿತೆಂದು ಬಹಳ ಮಂದಿ ಭಾವಿಸಿದ್ದಿರಬೇಕು. ಆದರೆ ಕೈಗಳ ಶಸ್ತ್ರಚಿಕಿತ್ಸೆಯನ್ನು ಕುಳಿತೂ ಮಾಡಬಹುದೆಂದು ಬ್ರಾಂಡ್ ಧೈರ್ಯ ಹೇಳಿದರು. ಗಾಲಿಕುರ್ಚಿಯಲ್ಲಿ ಕುಳಿತೇ ಆಕೆ ಕುಷ್ಠರೋಗಿಗಳ ಕೈಗಳನ್ನು ತೆರೆಯಿಸಿದರು. ಮುಂದೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ವತಃ ತರಬೇತಿ ಪಡೆದು, ನ್ಯೂಯಾರ್ಕಿನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ ಮರಳಿದರು. ವೆಲ್ಲೂರಿನ ಪುನರ್ವಸತಿ ವಿಭಾಗದ ಮುಖ್ಯಸ್ಥರಾದರು. ಒಳರೋಗಿಗಳಿಗಾಗಿ ಪುನರ್ವಸತಿ ಕೇಂದ್ರ 1966ರಲ್ಲಿ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂದಿತು. 1986ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಬೆನ್ನು ಮುರಿದು ಬಂದ ರೋಗಿಗೆ ಎದುರಿನಿಂದ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ವೈದ್ಯೆಯನ್ನು ಕಂಡಾಗ ಯಾವ ಉಪದೇಶ ಬೇಕಿತ್ತು?

ಇದೇ ದಾರಿಯನ್ನು ಇಂದು ಚೆನ್ನೈನ ಐಐಟಿಯಲ್ಲಿ ಕಾಣಬಹುದು. ಅಲ್ಲಿನ ಯಂತ್ರಶಾಸ್ತ್ರ ವಿಭಾಗದ ಪ್ರಾಧ್ಯಾಪಕಿ ಸುಜಾತಾ ಶ್ರೀನಿವಾಸನ್ ಅವರ ನೇತೃತ್ವದಲ್ಲಿ, ಟಿಟಿಕೆ ಹೆಸರಿನ ಪುನರ್ವಸತಿ ಸಂಶೋಧನಾ ಕೇಂದ್ರವು ಕೆಲಸ ಮಾಡುತ್ತಿದೆ. ದಿನವಿಡೀ ಕುಳಿತೇ ಇರುವವರಿಗೆ ಒತ್ತಡದ ಹುಣ್ಣುಗಳಾಗುತ್ತವೆ, ಮೂಳೆಗಳು ಸವೆಯುತ್ತವೆ. ಅಂಥವರು ತಾವಾಗಿಯೇ ಎದ್ದುನಿಲ್ಲಲು ನೆರವಾಗುವ ‘ಅರೈಸ್’ ಗಾಲಿಕುರ್ಚಿಯನ್ನು 2019ರಲ್ಲಿ ಹೊರತಂದರು. 2022ರಲ್ಲಿ ಬಂದದ್ದು ‘ಕದಮ್’ ಎಂಬ ಕೃತಕ ಮಂಡಿ. ಇದರ ತಯಾರಿಯಲ್ಲಿ ನಮ್ಮ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯೂ ಕೈಜೋಡಿಸಿದೆ.

ಒಂದೇ ಕೀಲಿನ ಮಂಡಿ ಬಾಗಿಲಿನಂತೆ ತಿರುಗುತ್ತದೆ. ನಮ್ಮ ಸಹಜ ಮಂಡಿ ಹಾಗಲ್ಲ. ಅದು ಬಾಗುತ್ತಿರುವಾಗ ತಿರುಗುವ ಬಿಂದುವೂ ಸರಿಯುತ್ತಿರುತ್ತದೆ. ನಾಲ್ಕು ಕೊಂಡಿಗಳನ್ನು ಹೆಣೆದು ಮಾಡಿದ ‘ಕದಮ್’ ಇದನ್ನು ಅನುಸರಿಸುತ್ತದೆ. ನಿಂತಾಗ ಸ್ಥಿರವಾಗಿರುತ್ತದೆ, ನಡೆಯುವಾಗ ಎಡವುವ ಭಯ ಕಡಿಮೆ, 160 ಡಿಗ್ರಿಯವರೆಗೂ ಮಡಿಯುತ್ತದೆ. ಕುರ್ಚಿಯಲ್ಲಿ ಕೂರುವುದಕ್ಕೆ ಇಷ್ಟು ಮಡಿಯಬೇಕಿಲ್ಲ. ಇಕ್ಕಟ್ಟಾದ ಬಸ್ಸಿನಲ್ಲಿ ಕೂರುವವನನ್ನು, ನಮ್ಮ ಮನೆಗಳ ನೆಲವನ್ನು ಯಾರೋ ನೆನೆದಿದ್ದಾರೆ ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ. ಅದನ್ನು ಓದಿದಾಗ ನಮ್ಮಣ್ಣನ ಅಟ್ಟದ ಕಾಲು ನನ್ನ ಕಣ್ಣಮುಂದೆ ಬಂತು.

2023ರಲ್ಲಿ ಅವರನ್ನು ಒಪ್ಪಿಸಿ ಒಂದು ಪುನರ್ವಸತಿ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿದ್ದ ಫಿಸಿಯೋಥೆರಪಿಯ ಹುಡುಗಿ ಅಳತೆಪಟ್ಟಿ ತೆಗೆಯುವ ಮೊದಲು, “ಅಣ್ಣಾ, ಮನೆಯಲ್ಲಿ ಊಟಕ್ಕೆ ಹೇಗೆ ಕೂರುತ್ತೀರಿ? ಎಲ್ಲಿಗೆ ಹೋಗಬೇಕೆಂದು ಆಸೆ?” ಎಂದು ಕೇಳಿದಳು. 25 ವರ್ಷಗಳಲ್ಲಿ ಹಾಗೆ ಕೇಳಿದವರು ಅವಳೊಬ್ಬಳೇ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಸ್ಸಿನಲ್ಲಿ ಯಾರಿಗೂ ಅಡ್ಡವಾಗದೆ ಕೂರಬೇಕಮ್ಮಾ” ಎಂದರು. ಹಲವು ಕೊಂಡಿಗಳ ಮಂಡಿಯುಳ್ಳ ಕಾಲಿಗೆ ಅಳತೆಯಾಯಿತು. ಮೂರು ತಿಂಗಳ ಅಭ್ಯಾಸ ಬೇಕಾಯಿತು. ಬೇಸಿಗೆಯಲ್ಲಿ ಇಂದಿಗೂ ಚರ್ಮ ಉಜ್ಜಿ ನೋಯುತ್ತದೆ, ನೆಲದ ಮೇಲೆ ಕೂತರೆ ಏಳಲು ಒಬ್ಬರ ಕೈ ಬೇಕು. ಆದರೂ ಬಸ್ಸಿನಲ್ಲಿ ಕಾಲು ಮಡಿಸಿ ಕೂರುತ್ತಾರೆ.

ಓದುಗ ಮಿತ್ರರೇ, ಯೇಸುಸ್ವಾಮಿ ಕುರುಡನಾದ ಬಾರ್ತಿಮಾಯನನ್ನು ಗುಣಪಡಿಸುವ ಮೊದಲು ಅವನಿಗೇನು ಬೇಕೆಂದು ಅವನನ್ನೇ ಕೇಳಿದರು. ಆತನ ಕೊರತೆ ಎಲ್ಲರಿಗೂ ಕಾಣುತ್ತಿತ್ತು, ಆದರೂ ಕೇಳಿದರು. ಬ್ರಾಂಡ್ ಅವರ ಗುಡಿಸಲಿನಿಂದ ಚೆನ್ನೈನ ಪ್ರಯೋಗಾಲಯದವರೆಗೂ ಒಳ್ಳೆಯ ಸಂಶೋಧನೆಯೆಲ್ಲ ಈ ಕೇಳುವಿಕೆಯಿಂದಲೇ ಹೊರಟಿದೆ. ನಾವಾದರೋ ದಾನ ಕೊಡುವಾಗ ಕೇಳುವುದನ್ನು ಮರೆಯುತ್ತೇವೆ.

ನಿಮ್ಮ ಸಭೆಯಲ್ಲಿ ಬಹುಕಾಲದಿಂದ ಕಾಣಿಸದಿರುವವರ ಮನೆಗೆ ಒಮ್ಮೆ ಹೋಗಿಬನ್ನಿ. ಅವರ ಅಟ್ಟದಲ್ಲಿ ಏನಿದೆ, ಏಕಿದೆ ಎಂದು ಕೇಳಿರಿ. ಹಾಗೆಯೇ ಮುಂದಿನ ಭಾನುವಾರ ನಿಮ್ಮ ದೇವಾಲಯದ ಮೆಟ್ಟಿಲುಗಳನ್ನು ಎಣಿಸಿರಿ. ಅವುಗಳ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಲು ವಿಜ್ಞಾನಿಗಳು ಬೇಕಿಲ್ಲ.