ಬೇಟೆಯ ಪುಸ್ತಕಗಳ ಬೀರು

ನಮ್ಮ ಮನೆಗೆ ಮೊದಲ ಸಲ ಬಂದವರು ನಡುಮನೆಯ ಗಾಜಿನ ಬೀರುವನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾಗುವುದುಂಟು. ಪಂಪನೋ ಕುಮಾರವ್ಯಾಸನೋ ಇರಬೇಕಾದ ಕನ್ನಡ ಮೇಷ್ಟರ ಬೀರುವಿನಲ್ಲಿ ಹುಲಿ, ಚಿರತೆ, ಕರಡಿ, ಆನೆಗಳ ಬೇಟೆಯ ಪುಸ್ತಕಗಳು ಮೂರು ಅರೆಗಳನ್ನು ತುಂಬಿಕೊಂಡಿವೆ. ನಾನಾದರೋ ಬಂದೂಕನ್ನು ಕೈಯಲ್ಲಿ ಹಿಡಿದವನಲ್ಲ. ಕೋಳಿ ಕೊಯ್ಯುವುದನ್ನು ಸಹ ನಿಂತು ನೋಡಲಾರೆ. ಕಳೆದ ಬೇಸಿಗೆಯ ರಜೆಯಲ್ಲಿ ಬಂದಿದ್ದ ಮೊಮ್ಮಗಳು, "ತಾತ, ಹುಲಿ ಕೊಂದವರ ಪುಸ್ತಕಗಳನ್ನು ಇಷ್ಟು ಜೋಪಾನವಾಗಿ ಏಕೆ ಇಟ್ಟಿದ್ದೀರಿ?" ಎಂದು ಕೇಳಿದಳು. ಪ್ರಾಣಿಗಳ ಬಗ್ಗೆ ಅತೀವ ಮರುಕವುಳ್ಳ ಹುಡುಗಿ. ಅವಳ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನನ್ನ ತಾತ, ಅಂದರೆ ನಮ್ಮ ತಂದೆಯವರ ತಂದೆ, ಹೆಗ್ಗಡದೇವನಕೋಟೆಯ ಕಾಡಂಚಿನ ರೈತ. ದೊಡ್ಡವರು ಶಿಕಾರಿಗೆ ಬಂದಾಗ ಸುತ್ತಲ ಹಳ್ಳಿಗಳ ಗಂಡಸರನ್ನು ಕರೆತಂದು ಸೋವಲು ನಿಲ್ಲಿಸುತ್ತಿದ್ದರಂತೆ. ತಮಟೆ ಬಡಿದು, ಕೂಗು ಹಾಕಿ, ಪೊದೆಯಲ್ಲಿ ಅಡಗಿದ ಪ್ರಾಣಿಯನ್ನು ಬಂದೂಕಿನವರ ಕಡೆಗೆ ಅಟ್ಟುವ ಕೆಲಸವದು. ಹಾಗೊಮ್ಮೆ ಗುಂಡು ತಗುಲಿದ ಹುಲಿಯೊಂದು ಹಿಂದಕ್ಕೆ ತಿರುಗಿ ಸೋವುವವರ ಸಾಲಿನ ಮೇಲೆ ನುಗ್ಗಿತು. ತಾತನ ಎಡಗೈ ಮೊಣಕೈಯಿಂದ ಕೆಳಗೆ ಮತ್ತೆಂದೂ ನೆಟ್ಟಗಾಗಲಿಲ್ಲ. ಹತ್ತು ರೂಪಾಯಿ ಹಾಗೂ ಒಂದು ಕಂಬಳಿ ಕೊಟ್ಟು ಕಳುಹಿಸಿದರಂತೆ. ಗುಂಡು ಹಾರಿಸಿದ ದೊರೆ ಯಾರೆಂಬುದು ತಾತನಿಗೆ ಕೊನೆಯವರೆಗೂ ತಿಳಿದಿರಲಿಲ್ಲ. ದೊರೆಗೂ ತಾತನ ಹೆಸರು ತಿಳಿದಿರಲಾರದು.

1969ರಲ್ಲಿ ಬೆಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಜಿಮ್ ಕಾರ್ಬೆಟ್ಟನ 'ಮ್ಯಾನ್ ಈಟರ್ಸ್ ಆಫ್ ಕುಮಾಂವ್' ಸಿಕ್ಕಿತು. ಎರಡೂವರೆ ರೂಪಾಯಿ. ಒಳಪುಟದಲ್ಲಿ ಯಾವುದೋ ಕಾಫಿ ತೋಟದ ಕ್ಲಬ್ಬಿನ ಮುದ್ರೆಯಿತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ಮುಗಿಸಿಯೇ ಮಲಗಿದೆ. 1944ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಲಿಗಿಂತ ಹೆಚ್ಚಾಗಿ ಹಳ್ಳಿಯ ಜನರೇ. 436 ಜನರನ್ನು ತಿಂದಿತೆಂದು ಹೇಳಲಾದ ಚಂಪಾವತದ ಹುಲಿಯನ್ನು 1907ರಲ್ಲಿ ಕೊಂದವನು ಕಾರ್ಬೆಟ್ಟನೇ. ಆದರೆ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಒಳಗೇ ಉಳಿದವರು, ಮರುದಿನ ಅವನೊಡನೆ ಗುಡ್ಡಕ್ಕೆ ಬಂದು ಸೋವಿದವರು, ಇವರೆಲ್ಲ ಅಲ್ಲಿ ಕಣ್ಣಿಗೆ ಕಟ್ಟುವಂತಿದ್ದಾರೆ. ಹುಲಿ ಏಕೆ ನರಭಕ್ಷಕವಾಯಿತೆಂಬುದನ್ನೂ ಅವನು ಬಿಡದೆ ಹುಡುಕುತ್ತಾನೆ: ಹಿಂದೆಂದೋ ಬಿದ್ದ ಗುಂಡಿನಿಂದ ಮುರಿದ ಹಲ್ಲು, ಕಾಲಿಗೆ ಚುಚ್ಚಿಕೊಂಡು ಕೀತ ಮುಳ್ಳುಹಂದಿಯ ಮುಳ್ಳು. ಮುಂದೆ 1952ರಲ್ಲಿ ಬಂದ 'ಮೈ ಇಂಡಿಯಾ'ವನ್ನು ಅವನು ಈ ದೇಶದ ಬಡವರಿಗೇ ಅರ್ಪಿಸಿದ.

ಅಂದಿನಿಂದ ಈ ಪುಸ್ತಕಗಳನ್ನು ಕೂಡಿಡತೊಡಗಿದೆ. ಮೇಷ್ಟರ ಸಂಬಳದಲ್ಲಿ ವರ್ಷಕ್ಕೆ ಒಂದು ಬಂದರೆ ಹೆಚ್ಚು. ನಮ್ಮ ಮನೆಯವರು, "ಈ ತಿಂಗಳು ಹುಲಿಯೋ, ಅಕ್ಕಿಯೋ?" ಎಂದು ಕೇಳುತ್ತಿದ್ದುದನ್ನು ನಮ್ಮ ಬಂಧುಗಳೆಲ್ಲ ಬಲ್ಲರು. ಓದುವಾಗ ಕೈಯಲ್ಲಿ ಪೆನ್ಸಿಲು ಇರುತ್ತಿತ್ತು. ಜಾಡು ಹಿಡಿದವರು, ಮಚಾನು ಕಟ್ಟಿದವರು, ಸೋವಿದವರು, ಗಾಯಗೊಂಡವರು, ಇಂಥವರ ಹೆಸರು ಬಂದಲ್ಲೆಲ್ಲ ಗೆರೆ ಎಳೆದು ಒಂದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಈ ಬಗೆಯ ಓದಿನಲ್ಲಿ ಪುಸ್ತಕದ ಯೋಗ್ಯತೆ ಬಹುಬೇಗ ತಿಳಿದುಬಿಡುತ್ತದೆ. ಕೊಂದ ಪ್ರಾಣಿಗಳ ಅಳತೆಯನ್ನು ಮೂಗಿನಿಂದ ಬಾಲದ ತುದಿಯವರೆಗೆ ಅಂಗುಲ ಬಿಡದೆ ಬರೆದ ಮಹಾಶಯರಲ್ಲಿ ಹಲವರಿಗೆ, ಜೊತೆಯಲ್ಲಿದ್ದ ಮನುಷ್ಯನ ಹೆಸರನ್ನು ಬರೆಯಲು ಅರ್ಧ ಸಾಲೂ ದೊರೆತಿಲ್ಲ. ಅಂಥ ಎರಡು ಸಂಪುಟಗಳನ್ನು ರದ್ದಿಗೆ ಹಾಕಿದ್ದೇನೆ, ಅದಕ್ಕಾಗಿ ಮರುಗಿಲ್ಲ.

ನಮ್ಮ ಸೀಮೆಗೆ ಹತ್ತಿರವಾದದ್ದು ಜಿ.ಪಿ. ಸ್ಯಾಂಡರ್ಸನ್ನನ 'ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ' (1878). ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಉಸ್ತುವಾರಿಗೆಂದು ಬಂದವನು ಆನೆ ಹಿಡಿಯುವುದರಲ್ಲಿ ಪ್ರಸಿದ್ಧನಾದ. ಹೈದರಾಲಿ ಕಾಕನಕೋಟೆಯಲ್ಲಿ ಆನೆಗಳನ್ನು ಹಿಂಡಾಗಿ ಹಿಡಿಯಲು ಯತ್ನಿಸಿ ಸೋತು, ಇನ್ನು ಮುಂದೆ ಯತ್ನಿಸುವವರಿಗೆ ಶಾಪ ಹಾಕಿ ಕಲ್ಲು ನೆಡಿಸಿದನೆಂದು ಈತ ಬರೆಯುತ್ತಾನೆ. ಶಾಪವನ್ನು ಲೆಕ್ಕಿಸದೆ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಗೆದ್ದ. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಅದರ ಎತ್ತರ ಸಿಗುತ್ತದೆಂಬ ಲೆಕ್ಕವನ್ನು ನಾನು ಕಲಿತದ್ದು ಅವನಿಂದ. ಕನ್ನಡ ಪಾಠದ ನಡುವೆ ದಾರ ಹಿಡಿದು ನೆಲದ ಮೇಲೆ ಆನೆಯ ಹೆಜ್ಜೆ ಬರೆದು ಅಳೆಸಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನಂತರ ಕಬಿನಿ ಜಲಾಶಯದ ನೀರು ಆ ಕಾಡಿನ ಬಹುಭಾಗವನ್ನು ಮುಳುಗಿಸಿತು.

ಬೆಂಗಳೂರಿನ ಕೆನೆತ್ ಆಂಡರ್ಸನ್‌ನ ಮಾತೇ ಬೇರೆ. 1954ರ 'ನೈನ್ ಮ್ಯಾನ್ ಈಟರ್ಸ್ ಅಂಡ್ ಒನ್ ರೋಗ್'ನಿಂದ ಮೊದಲ್ಗೊಂಡು ಆತ ಬರೆದುದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂಬ ಚರ್ಚೆ ಹಳೆಯದು. ಕಾರ್ಬೆಟ್ಟನ ಬರಹದ ಸಂಯಮ ಇವನಲ್ಲಿಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ನನ್ನ ನೋಟ್‌ಬುಕ್ಕು ತುಂಬಿದ್ದು ಇವನಿಂದಲೇ. ಚಿನ್ನಾರ್ ಹೊಳೆಯ ಬಳಿ ಕಳ್ಳಬೇಟೆಗೆ ಹೊಂಚು ಹಾಕಿ ಕುಳಿತಿದ್ದ ಪೂಜಾರಿ ಬೈರನನ್ನು ಹಿಡಿದುಕೊಡದೆ ಗೆಳೆಯನನ್ನಾಗಿ ಮಾಡಿಕೊಂಡು, ಕಾಡಿನ ವಿದ್ಯೆಯಲ್ಲಿ ಅವನೇ ತನಗೆ ಗುರುವೆಂಬಂತೆ ಬರೆಯುತ್ತಾನೆ. ಅರಸೀಕೆರೆಯ ಬಳಿಯ ಕರಡಿಯ ಕಥೆಯಲ್ಲಿ ದರ್ಗಾದ ಆಲಂ ಬಕ್ಷ್ ತನ್ನ ಮಗನನ್ನು ಕಳೆದುಕೊಳ್ಳುತ್ತಾನೆ. ಆ ಮುದುಕನ ಪತ್ರವೇ ಆಂಡರ್ಸನ್‌ನನ್ನು ಅಲ್ಲಿಗೆ ಕರೆಸುತ್ತದೆ. ತೇಜಸ್ವಿಯವರು 'ಕಾಡಿನ ಕತೆಗಳು' ಮಾಲೆಯಲ್ಲಿ ಆಂಡರ್ಸನ್‌ನನ್ನು ಕನ್ನಡಕ್ಕೆ ತಂದ ಮೇಲೆ ಶನಿವಾರದ ಕೊನೆಯ ಪಿರಿಯಡ್ಡು ಅದಕ್ಕೇ ಮೀಸಲಾಯಿತು; ಗಂಟೆ ಹೊಡೆದರೂ ಹುಡುಗರು ಏಳುತ್ತಿರಲಿಲ್ಲ. ಪುತ್ತೂರಿನ ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಅದರ ಪಕ್ಕದಲ್ಲೇ ಇದೆ. ಅಲ್ಲಿ ಬೇಟೆಗಾರನೂ ನಮ್ಮವನೇ, ಭಾಷೆಯೂ ನಮ್ಮದೇ.

ಆಫ್ರಿಕದಿಂದ ಬಂದ ಒಂದನ್ನು ಹೇಳದಿದ್ದರೆ ಉತ್ತರ ಅಪೂರ್ಣವಾದೀತು. ಜೆ.ಎಚ್. ಪ್ಯಾಟರ್ಸನ್ನನ 'ದಿ ಮ್ಯಾನ್ ಈಟರ್ಸ್ ಆಫ್ ಸಾವೊ' (1907). 1898ರಲ್ಲಿ ಉಗಾಂಡ ರೈಲುಮಾರ್ಗದ ಸೇತುವೆ ಕಟ್ಟಲು ಹೋದ ನಮ್ಮ ದೇಶದ ಕೂಲಿಗಳನ್ನು ಎರಡು ಸಿಂಹಗಳು ಗುಡಾರಗಳಿಂದ ಎಳೆದೊಯ್ಯುತ್ತಿದ್ದವು. ಡಿಸೆಂಬರಿನಲ್ಲಿ ಎರಡನ್ನೂ ಪ್ಯಾಟರ್ಸನ್ ಕೊಂದ. ಸತ್ತವರೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ: ಅವನೇ ಮುಂದೊಮ್ಮೆ 135 ಎಂದ, ಆ ಸಿಂಹಗಳ ಮೂಳೆ ಮತ್ತು ಕೂದಲನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ಸುಮಾರು 35 ಎಂದು ಅಂದಾಜಿಸಿದರು. ಸಿಂಹಗಳ ಚರ್ಮವನ್ನು 1924ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂ 5,000 ಡಾಲರ್ ಕೊಟ್ಟು ಕೊಂಡಿತು. ಆದರೆ ಪುಸ್ತಕದ ಕೊನೆಯಲ್ಲಿ ರೋಶನ್ ಎಂಬ ಮೇಸ್ತ್ರಿ ಹಿಂದುಸ್ತಾನಿಯಲ್ಲಿ ಕಟ್ಟಿದ ಪದ್ಯದ ಇಂಗ್ಲಿಷ್ ಅನುವಾದವಿದೆ. ಕಬ್ಬಿಣದ ಹಳಿ ಹಾಕಲು ಹೋದ ಮನುಷ್ಯನೊಬ್ಬ ತಾನು ಕಂಡದ್ದನ್ನು ತಾನೇ ಹೇಳಿ, ಹೆಸರನ್ನೂ ಉಳಿಸಿಹೋಗಿದ್ದಾನೆ. ಮೊದಲ ಸಲ ಅದನ್ನು ಓದಿದ ದಿನ ತಾತನ ನೆನಪಾಗಿ ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತಿದ್ದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಮೊಮ್ಮಗಳಿಗೂ ಇದನ್ನೇ ಹೇಳಿದೆ. ಅವಳು ಒಪ್ಪಿದಳೆಂದು ಹೇಳಲಾರೆ. ಆದರೆ ಊರಿಗೆ ಹೊರಡುವಾಗ ನೋಟ್‌ಬುಕ್ಕಿನ ಎಲ್ಲ ಪುಟಗಳನ್ನೂ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋದಳು.

ನನಗೆ ವಯಸ್ಸಾಯಿತು, ಬೀರುವಿಗೊಂದು ಠಿಕಾಣಿ ಮಾಡಬೇಕು. ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಒಪ್ಪಿಸಲು ಮಾತಾಗಿದೆ. ನೋಟ್‌ಬುಕ್ಕೂ ಪುಸ್ತಕಗಳ ಜೊತೆಯಲ್ಲೇ ಇರಬೇಕೆಂಬುದೊಂದೇ ನನ್ನ ಷರತ್ತು. ಅದರಲ್ಲೀಗ 83 ಹೆಸರುಗಳಿವೆ. ಮೊದಲ ಪುಟದಲ್ಲಿರುವುದು ನನ್ನ ತಾತನ ಹೆಸರು. ಅದು ಮಾತ್ರ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಕೋಟೆ, ಗುಂಡ್ಲುಪೇಟೆ, ಹುಣಸೂರು ಸೀಮೆಯ ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಸೋವಿಗೋ ಖೆಡ್ಡಾಕ್ಕೋ ಹೋಗಿದ್ದ ಹಿರಿಯರಿದ್ದರೆ, ಅವರ ಹೆಸರು, ಊರು, ತಿಳಿದಿದ್ದರೆ ವರ್ಷ, ಇಷ್ಟನ್ನು ಬರೆದು ಕಳುಹಿಸಿ. ಕೊನೆಯ ಹನ್ನೊಂದು ಹಾಳೆಗಳು ಖಾಲಿ ಇವೆ.