ಕಾಣದ ಬಟನ್

ವೈಟ್ಟಿಲದಿಂದ ಕಾಕ್ಕನಾಡಿಗೆ ವಾಟರ್ ಮೆಟ್ರೊ ದೋಣಿಯಲ್ಲಿ ಎ.ಸಿ. ಉಂಟು. ಜೆಟ್ಟಿಯಿಂದ ಹೊರಬಿದ್ದರೆ ಅದರ ತಂಪೆಲ್ಲ ಬೆವರಾಗಿ ಇಳಿಯುತ್ತದೆ. ಇನ್ಫೋಪಾರ್ಕ್‌ನ ಕಟ್ಟಡವೊಂದರಲ್ಲಿ ಕಾಸರಗೋಡಿನ ಹುಡುಗ ನಿಮಗೆ ಕುರ್ಚಿ ಎಳೆದು ಕೊಡುತ್ತಾನೆ. ಮೇಜಿನ ಮೇಲೆ ಎರಡು ಫೋನು: ಒಂದು ಐಫೋನ್, ಇನ್ನೊಂದು ಗಾಜು ಬಿರಿದ ಅಗ್ಗದ ಆಂಡ್ರಾಯ್ಡ್. ಎರಡರಲ್ಲೂ ಒಂದೇ ಆ್ಯಪ್, ಹೌಸ್‌ಬೋಟ್ ಬುಕಿಂಗಿನದು.

“ಇಲ್ಲಿ ಒತ್ತಿ” ಎಂದು ಆಂಡ್ರಾಯ್ಡ್ ಫೋನನ್ನು ನಿಮ್ಮ ಕೈಗಿಡುತ್ತಾನೆ. ದೋಣಿಯ ಚಿತ್ರದ ಕೆಳಗೆ ಬರೀ ಬಿಳಿ ಜಾಗ. ಒತ್ತುತ್ತೀರಿ. ‘ಬುಕಿಂಗ್ ರದ್ದಾಗಿದೆ’ ಎಂದು ಪರದೆ ಹೇಳುತ್ತದೆ.

“ಅಲ್ಲೊಂದು ಬಟನ್ ಉಂಟು ಮಾರಾಯ್ರೇ. ಪ್ರಯಾಣ ಶುರುವಾದ ಮೇಲೆ ಕಾಣಬಾರದು ಅಂತ ಅದರ ಆಲ್ಫಾವನ್ನು ಸೊನ್ನೆ ಮಾಡಿಟ್ಟಿದ್ದಾರೆ.”

ಆಲ್ಫಾ ಒಂದಿದ್ದರೆ ವಸ್ತು ಪೂರ್ತಿ ಗಟ್ಟಿ, ಸೊನ್ನೆಯಾದರೆ ಪೂರ್ತಿ ಪಾರದರ್ಶಕ. ಐಫೋನಿನಲ್ಲಿ ಅದೇ ಜಾಗ ಒತ್ತಿ ನೋಡುತ್ತೀರಿ, ಏನೂ ಆಗುವುದಿಲ್ಲ. ಆಲ್ಫಾ 0.01ಕ್ಕಿಂತ ಕೆಳಗಿಳಿದ ವಸ್ತುವಿಗೆ ಬೆರಳು ತಾಗಿದರೂ ಆಪಲ್‌ನ ಯುಐಕಿಟ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಂಡ್ರಾಯ್ಡ್‌ಗೆ ಆ ದಾಕ್ಷಿಣ್ಯವಿಲ್ಲ; ಕಾಣದಿದ್ದರೂ ಬಟನ್ ಬಟನ್ನೇ. ಐಫೋನಿನಲ್ಲಷ್ಟೇ ಪರೀಕ್ಷಿಸಿ ‘ಎಲ್ಲ ಸರಿ’ ಎಂದವರು ಮುಗ್ಗರಿಸುವುದು ಇಲ್ಲೇ.

ಅವನು ಆಲ್ಫಾದ ಸಾಲನ್ನು ಅಳಿಸಿ ‘ಇನ್‌ವಿಸಿಬಲ್’ ಎಂದು ಬರೆಯುತ್ತಾನೆ. ಈಗ ಒತ್ತಿದರೆ ಏನೂ ಆಗದು. ಆದರೆ ಬಿಳಿ ಜಾಗ ಹಾಗೇ ಉಳಿದಿದೆ, ಬಸ್ಸಿನಲ್ಲಿ ಯಾರೋ ಟವೆಲ್ ಹಾಕಿಟ್ಟು ಹೋದ ಸೀಟಿನಂತೆ. ಮತ್ತೆ ಅಳಿಸಿ ‘ಗಾನ್’ ಎಂದು ಬರೆದ ಮೇಲಷ್ಟೇ ಕೆಳಗಿದ್ದ ಊಟದ ಪಟ್ಟಿ ಸರ್ರನೆ ಮೇಲೇರಿ ಚಿತ್ರಕ್ಕೆ ತಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ದೋಣಿಗಳ ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಎಳೆಯುತ್ತಾನೆ. ರಿಯಾಯಿತಿ ಇರುವ ದೋಣಿಗಳಲ್ಲೂ ಕೆಂಪು ಚೀಟಿ ಕಾಣೆ! ಪಟ್ಟಿ ಸರಿಯುವಾಗ ರಿಸೈಕ್ಲರ್‌ವ್ಯೂ ಹಳೆಯ ಸಾಲುಗಳನ್ನೇ ಹೊಸ ದೋಣಿಗಳಿಗೆ ತೊಡಿಸುತ್ತದೆ. ಒಂದು ಸಾಲಿನಲ್ಲಿ ಅಡಗಿಸಿದ್ದನ್ನು ಮತ್ತೆ ತೋರಿಸು ಎಂದು ಯಾರೂ ಬರೆದಿಲ್ಲ. “ಇಫ್ ಉಂಟು, ಎಲ್ಸ್ ಇಲ್ಲ” ಎಂದು ನಗುತ್ತಾನೆ.

ಮಧ್ಯಾಹ್ನ ಎರ್ನಾಕುಲಂ ಜಂಕ್ಷನ್. ಆಲಪ್ಪುಳ, ಕೊಲ್ಲಂ ದಾಟಿ ಕಳಕ್ಕೂಟ್ಟಂನಲ್ಲಿ ಹುಡುಗನ ಜೊತೆ ಇಳಿಯುತ್ತೀರಿ. ಇನ್ಫೋಪಾರ್ಕ್ 2004ರದು, ಇಲ್ಲಿನ ಟೆಕ್ನೋಪಾರ್ಕ್ 1990ರದು, ಮರಗಳ ದಪ್ಪ ನೋಡಿದರೇ ವಯಸ್ಸು ಗೊತ್ತಾಗುತ್ತದೆ. ಅಲ್ಲಿ ಎಲ್ಲರೂ ‘ಚೇಚಿ’, ಅಂದರೆ ಅಕ್ಕ, ಎನ್ನುವ ಪರೀಕ್ಷಕಿಗೆ ಕಣ್ಣು ಕಾಣದು. ಅವರ ಫೋನಿನ ಟಾಕ್‌ಬ್ಯಾಕ್ ಪರದೆಯಲ್ಲಿರುವುದನ್ನು ಎಷ್ಟು ವೇಗವಾಗಿ ಓದುತ್ತದೆಂದರೆ ನಿಮ್ಮ ಕಿವಿಗೆ ಒಂದಕ್ಷರವೂ ಹತ್ತುವುದಿಲ್ಲ.

ಅವರು ಅದೇ ಆ್ಯಪ್‌ನಲ್ಲಿ ದಿನಾಂಕ ಆರಿಸುವ ಫಲಕ ತೆರೆಯುತ್ತಾರೆ. ಪರದೆ ತುಂಬ ಕ್ಯಾಲೆಂಡರ್, ಹಿಂದಿನದೆಲ್ಲ ಮರೆ. ನಿಮಗೆ ಮರೆ, ಅವರಿಗಲ್ಲ. ಎಡಕ್ಕೆ ಒಮ್ಮೆ ಸವರಿದರೆ ಫಲಕದ ಅಡಿಯಿಂದ ‘ಹಣ ಪಾವತಿ’ ಎಂದು ದನಿ ಬರುತ್ತದೆ. ಎರಡು ಬಾರಿ ತಟ್ಟಿದರೆ ದಿನಾಂಕವಿಲ್ಲದೆಯೇ ಪಾವತಿ ಪುಟ!

ಒಂದರ ಮೇಲೊಂದು ಮುಚ್ಚಿಟ್ಟರೆ ಅಡಿಯದು ಇಲ್ಲವಾಯಿತೆಂದು ನಂಬುವುದು ಕಣ್ಣಿದ್ದವರ ಸೋಮಾರಿತನ, ನನ್ನ ಮಟ್ಟಿಗೆ. ಹುಡುಗ ಕೇಬಲ್ ಚುಚ್ಚಿ, ಅಡಿಯ ಪುಟವನ್ನೂ ಅದರೊಳಗಿನ ಎಲ್ಲವನ್ನೂ ಟಾಕ್‌ಬ್ಯಾಕ್‌ನಿಂದ ಮರೆಸುವ ‘ನೋಹೈಡ್‌ಡಿಸೆಂಡೆಂಟ್ಸ್’ ಎಂಬ ಮೌಲ್ಯ ಕೊಡುತ್ತಾನೆ. ಚೇಚಿ ಎಡಕ್ಕೆ ಸವರುತ್ತಾರೆ. ಕ್ಯಾಲೆಂಡರ್ ಬಿಟ್ಟು ಬೇರೇನೂ ಓದುವುದಿಲ್ಲ.

“ಇನ್ನು ಮುಚ್ಚುವ” ಎನ್ನುತ್ತಾನೆ.

ಮುಚ್ಚುತ್ತಾರೆ, ಸವರುತ್ತಾರೆ. ದನಿಯೇ ಇಲ್ಲ. ದೋಣಿಯ ಚಿತ್ರ, ಬೆಲೆ, ಪಾವತಿ ನಿಮ್ಮ ಕಣ್ಣೆದುರೇ ಇವೆ, ಚೇಚಿಗೆ ಮಾತ್ರ ಇಡೀ ಪುಟ ಮೂಕ. ಫಲಕ ತೆರೆದಾಗ ಅಡಗಿಸಿದ್ದನ್ನು ಮುಚ್ಚಿದಾಗ ಬಿಡಿಸಿಲ್ಲ.

“ಎಡಾ, ಮತ್ತೆ ಎಲ್ಸ್ ಬಿಟ್ಟೆಯಾ?”

ಅವನು ಮಾತಿಲ್ಲದೆ ಲ್ಯಾಪ್‌ಟಾಪ್ ತೆರೆಯುತ್ತಾನೆ. “ಬೇಗ ಬರೆ, ಕೀಬೋರ್ಡ್ ಎದ್ದು ಬರುವ ಪುಟ ಇನ್ನೂ ಬಾಕಿ ಇದೆ. ಅಲ್ಲಿ ಬಟನ್ ಕಣ್ಣಿದ್ದವರಿಗೂ ಸಿಗುವುದಿಲ್ಲವಂತೆ” ಎನ್ನುತ್ತಾರೆ ಚೇಚಿ.